ಜಾಡಿ ಕೋಣೆಯ ಅತಿಥಿಗಳು

ಯಲಹಂಕದಲ್ಲಿ ಸಮುದ್ರವಿಲ್ಲ. ಸಮುದ್ರದ ಕಚೇರಿ ಇದೆ.

ದೊಡ್ಡಬಳ್ಳಾಪುರ ರಸ್ತೆಯಿಂದ ಒಳಕ್ಕೆ ತಿರುಗಿದರೆ ಗಾಜಿನ ಕಟ್ಟಡ. ಮುಂದೆ ಸಿಮೆಂಟಿನ ತಿಮಿಂಗಿಲ. ಅದರ ನೆತ್ತಿಯಿಂದ ಕಾರಂಜಿ ಚಿಮ್ಮಬೇಕಿತ್ತು. ಬೋರ್‌ವೆಲ್ ಬತ್ತಿದ್ದರಿಂದ ಚಿಮ್ಮುತ್ತಿರಲಿಲ್ಲ. ಕಡಲ ದಂಡೆಯಲ್ಲೇ ಕಚೇರಿ ಕಟ್ಟಬಹುದಿತ್ತು. ಆದರೆ ಅಲ್ಲಿ ಸಾಹೇಬರ ಮಕ್ಕಳಿಗೆ ತಕ್ಕ ಶಾಲೆಯಿಲ್ಲ, ಬೆವರು ಜಾಸ್ತಿ, ದಿಲ್ಲಿಗೆ ವಿಮಾನ ಕಡಿಮೆ. ಹಾಗಾಗಿ ಸಮುದ್ರವನ್ನೇ ಕ್ಯಾನುಗಳಲ್ಲಿ ತುಂಬಿ ಇಲ್ಲಿಗೆ ತರಿಸುತ್ತಿದ್ದರು.

ಕ್ಯಾನುಗಳು ವಾರಕ್ಕೊಮ್ಮೆ ಕರಾವಳಿಯ ಬಸ್ಸಿನಲ್ಲಿ ಯಶವಂತಪುರಕ್ಕೆ ಬಂದು, ಅಲ್ಲಿಂದ ಟೆಂಪೋದಲ್ಲಿ ಯಲಹಂಕ ಸೇರುತ್ತಿದ್ದವು. ಅವುಗಳಲ್ಲಿ ಇರುತ್ತಿದ್ದುದು ಪ್ಲವಕ. ಕಡಲ ನೀರಲ್ಲಿ ತೇಲುವ, ಕಣ್ಣಿಗೆ ಧೂಳಿನಂತೆ ಕಾಣುವ ಜೀವಗಳು. ಸಣ್ಣ ಮೀನು ಅದನ್ನು ತಿನ್ನುತ್ತದೆ, ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ. ಅದು ಎಷ್ಟಿದೆ, ಯಾವ ಜಾತಿಯದು ಎಂದು ವರ್ಷಾನುಗಟ್ಟಲೆ ನೋಡುತ್ತಾ ಬಂದರೆ ಕಡಲಿಗೆ ಏನಾಗುತ್ತಿದೆ ಎಂದು ಹೇಳಬಹುದಂತೆ. ಇಪ್ಪತ್ತೈದು ವರ್ಷದಿಂದ ನೋಡುತ್ತಾ ಬಂದಿದ್ದರು. ಸಾಹೇಬರು ಅದನ್ನು ಪ್ಲಾಂಕ್ಟನ್ ಎನ್ನುತ್ತಿದ್ದರು. ಮುನಿಕೃಷ್ಣಮ್ಮ ನುಸಿ ಎನ್ನುತ್ತಿದ್ದಳು.

ಮುನಿಕೃಷ್ಣಮ್ಮ ಬಾಗಲೂರಿನವಳು. ಜಾಡಿ ಕೋಣೆಯ ಕೆಲಸದವಳು. ಜೊತೆಗೆ ಯಲಹಂಕ ಹಳೇ ಟೌನಿನ ಜಾಹಿದಾ. ಇಬ್ಬರೂ ಕಟ್ಟಡದ ಕೆಳಗಿನ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಕೋಣೆಗೆ ಕಿಟಕಿ ಇರಲಿಲ್ಲ. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ಗಾಜಿನ ಜಾಡಿಗಳು. ಕ್ಯಾನು ಹೊತ್ತು ಮೆಟ್ಟಿಲಿಳಿಯಬೇಕು. ನೀರನ್ನು ನವಿರಾದ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಗೆ ಅಂಟಿದ ಗಂಜಿಯಂಥ ಲೋಳೆಯನ್ನು ಜಾಡಿಗೆ ಇಳಿಸಬೇಕು. ಕೊಳೆಯದ ಹಾಗೆ ಫಾರ್ಮಲಿನ್ ಸುರಿಯಬೇಕು. ಹಳೆಯ ಜಾಡಿಗಳಲ್ಲಿ ಫಾರ್ಮಲಿನ್ ಆವಿಯಾಗಿ ಇಳಿದಿರುತ್ತದೆ, ಮುಚ್ಚಳ ತಿರುಗಿಸಿ ಮತ್ತೆ ತುಂಬಬೇಕು. ಹೆಣ ಕೆಡದಂತೆ ಇಡಲು ಆಸ್ಪತ್ರೆಗಳಲ್ಲಿ ಬಳಸುವ ಅದೇ ನೀರು. ನುಸಿ ಕೆಡಲಿಲ್ಲ. ಹೆಂಗಸರು ಕೆಟ್ಟರು.

ಮುನಿಕೃಷ್ಣಮ್ಮನ ಬೆರಳು ಮೊದಲು ಬೆಳ್ಳಗಾದವು. ಆಮೇಲೆ ಗಟ್ಟಿಯಾದವು. ಆಮೇಲೆ ಸೀಳಿದವು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಸೀಳಿನೊಳಗೆ ಇಳಿಯುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಕಲಿತಳು. ಗ್ಲೌಸು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದವು, ಮೇಲಿನ ಮಹಡಿಗೆ.

ಎರಡು ವರ್ಷದಿಂದ ಕೆಮ್ಮು ಹಿಡಿದಿತ್ತು. ಗಾಳಿಯಿಲ್ಲದ ಜಾಗದಲ್ಲಿ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿದರು. ಅವಳು ನಿರ್ದೇಶಕ ಶ್ರೀಕಾಂತ್ ಸಾಹೇಬರ ಬಾಗಿಲಿಗೆ ಹೋಗಿ ನಿಂತಳು.

"ಕ್ವಾಣೆಗೊಂದು ಫ್ಯಾನ್ ಆಕ್ಸಿ ಸಾ. ಗಾಳಿ ಎಳ್ದು ಆಚ್ಗೆ ಬಿಡೋದು. ಉಸ್ರು ಕಟ್ತೈತೆ."

"ಹಾಕ್ಸೋಣಮ್ಮ. ದಿಲ್ಲಿಗೆ ಪ್ರೊಪೋಸಲ್ ಕಳಿಸಿದೀವಿ."

ಪ್ರೊಪೋಸಲ್ಲಿಗೆ ದಿಲ್ಲಿಯ ಗಾಳಿ ಒಗ್ಗಿತೋ ಏನೋ, ಅಲ್ಲೇ ಉಳಿದುಬಿಟ್ಟಿತು. ಮುಂದಿನ ಸಲ ಹೋದಾಗ ಸಾಹೇಬರು ಕಂಪ್ಯೂಟರಿನಲ್ಲಿ ಅವಳ ಹೆಸರು ಹುಡುಕಿಸಿದರು.

"ನೀನು ಸೇರಿದ್ದೇ ಈ ಏಪ್ರಿಲ್‌ನಲ್ಲಿ. ಇಷ್ಟರಲ್ಲೇ ಕೆಮ್ಮು ಹೇಗಮ್ಮ ಬರುತ್ತೆ? ಮನೆಯಿಂದಲೇ ತಂದಿರಬೇಕು."

ಆ ಕೋಣೆಗೆ ಮೊದಲ ಸಲ ಇಳಿದಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಈಗ ಒಂದೂ ಕರಿ ಕೂದಲಿಲ್ಲ. ಆದರೂ ಕಂಪ್ಯೂಟರಿನ ಪ್ರಕಾರ ಅವಳು ಏಪ್ರಿಲ್‌ನಲ್ಲಿ ಸೇರಿದವಳು. ಅದಕ್ಕೆ ಕಾರಣ ಬ್ರೇಕು.

ಹೆಂಗಸರನ್ನು ಕಚೇರಿ ನೇಮಿಸಿಕೊಂಡಿರಲಿಲ್ಲ. ಏಜೆನ್ಸಿಯೊಂದು ಕಳಿಸುತ್ತಿತ್ತು. ಏಜೆನ್ಸಿಯ ಸೂಪರ್‌ವೈಸರ್ ಹೇಮಂತ ಪ್ರತಿ ಮಾರ್ಚ್ ಕೊನೆಗೆ ಬಂದು ಕಾರ್ಡು ಇಸಿದುಕೊಳ್ಳುತ್ತಿದ್ದ.

"ಅಕ್ಕ, ಇವತ್ತಿಂದ ಬ್ರೇಕು. ನೀವು ಕೆಲಸದಲ್ಲಿಲ್ಲ."

"ಅಂಗಾರೆ ಬರದ್ ಬ್ಯಾಡ್ವಾ?"

"ಬರ್ಬೇಕು. ಕ್ಯಾನ್ ಬರ್ತವಲ್ಲ? ಕೆಲಸ ಮಾಡಿ, ಸೈನ್ ಮಾತ್ರ ಹಾಕ್ಬೇಡಿ."

ಏಪ್ರಿಲ್ ಬಂದರೆ ಹೊಸ ಕಾರ್ಡು, ಹೊಸ ನಂಬರು, ಹೊಸದಾಗಿ ಸೇರಿದ ತಾರೀಖು. ಒಬ್ಬಳೇ ಹೆಂಗಸು ವರ್ಷಾವರ್ಷ ಅದೇ ಕೋಣೆಯಲ್ಲಿದ್ದಾಳೆ ಎಂದು ಯಾವ ಕೋರ್ಟಿಗೂ ತೋರಿಸಲಾಗದಂತೆ ಮಾಡಿದ ಏರ್ಪಾಡು ಅದು. ಕಾನೂನು ಓದಿದವರು ಯೋಚಿಸಿ ಮಾಡಿದ್ದು. ಬಹಳ ಚೆನ್ನಾಗಿ ಮಾಡಿದ್ದರು.

ಇನ್ನು ಊಟ. ಕ್ಯಾಂಟೀನು ಗುಂಡಣ್ಣನದು. ಮುನಿಕೃಷ್ಣಮ್ಮ ಸೇರಿದ ಹೊಸದರಲ್ಲಿ ಅವನು ನಗುನಗುತ್ತಲೇ ಕೇಳಿದ್ದ.

"ಬಾಗಲೂರಲ್ಲಿ ಎಲ್ಲಮ್ಮ ನಿಮ್ಮನೆ?"

"ಕಾಲೋನಿ ಸಾ."

ಅವನ ಮುಖ ಸ್ವಲ್ಪವೂ ಬದಲಾಗಲಿಲ್ಲ. ಮಾರನೆಯ ದಿನ ಜನರೇಟರಿನ ಪಕ್ಕ ಒಂದು ಕಲ್ಲುಬೆಂಚು ಬಂತು. "ತಪ್ಪು ತಿಳ್ಕೋಬೇಡಮ್ಮ, ಜಾತಿ ಗೀತಿ ಏನಿಲ್ಲ. ಫಾರ್ಮಲಿನ್ ವಾಸನೆ. ಒಳಗೆ ಕೂತೋರಿಗೆ ಊಟ ಸೇರಲ್ಲ" ಎಂದ. ಜಾಹಿದಾ ಬಂದ ಮೇಲೆ ಅವಳಿಗೂ ಅದೇ ಬೆಂಚು.

ಮೇಲಿನ ಮಹಡಿಯಲ್ಲಿ ಸಂಹಿತಾ ಎಂಬ ಯುವ ವಿಜ್ಞಾನಿ ಇದ್ದರು. ಅದೇ ಜಾಡಿಗಳ ನುಸಿಯನ್ನು ಇಡೀ ದಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದೇ ಫಾರ್ಮಲಿನ್ ಅವರ ಕೂದಲಿಗೂ ಹತ್ತುತ್ತಿತ್ತು. ಅವರು ಕ್ಯಾಂಟೀನಿನ ನಡುವಿನ ಟೇಬಲಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಸಂಹಿತಾ ಅವರ ಫಾರ್ಮಲಿನ್ನಿಗೆ ವಾಸನೆ ಇರಲಿಲ್ಲ.

ಈ ವರ್ಷ ಕಚೇರಿಗೆ ಬೆಳ್ಳಿಹಬ್ಬ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕಿತ್ತು. ಹೀಗಾಗಿ ಮಾರ್ಚ್ ಕೊನೆಯ ವಾರ ದೊಡ್ಡ ಸಮಾವೇಶ. ದಿಲ್ಲಿಯವರು, ಹೊರದೇಶದವರು, ಕರಾವಳಿಯ ಮೀನುಗಾರಿಕೆ ಇಲಾಖೆಯವರು, ಮೀನುಗಾರರ ಸಂಘದವರು ಎಲ್ಲರೂ ಬರುವವರಿದ್ದರು. ಬ್ಯಾನರಿನಲ್ಲಿ "ಜನರ ಕಡಲು, ಜನರ ಮಾಹಿತಿ" ಎಂದು ಬರೆಸಿದ್ದರು. ಹೆಂಗಸರ ಬ್ರೇಕು ಬಿದ್ದಿದ್ದೂ ಅದೇ ವಾರ. ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಸಮಾವೇಶದ ಬೆಳಿಗ್ಗೆ ಗೇಟಿನಲ್ಲಿ ಹೊಸ ಸೆಕ್ಯುರಿಟಿಯವನು ಇಬ್ಬರನ್ನೂ ತಡೆದ.

"ಕಾರ್ಡ್ ಎಲ್ಲಿ?"

"ಬ್ರೇಕು" ಎಂದಳು ಜಾಹಿದಾ.

"ಬ್ರೇಕೋ ಕ್ಲಚ್ಚೋ ನಂಗೊತ್ತಿಲ್ಲ. ಇವತ್ತು ಇಲ್ಲಾ ಸ್ಟಾಫು, ಇಲ್ಲಾ ಗೆಸ್ಟು. ಬೇರೆಯೋರನ್ನ ಬಿಡಂಗಿಲ್ಲ."

ಹೇಮಂತ ಓಡಿ ಬಂದ. ತಲೆ ಕೆರೆದುಕೊಂಡ. ಪಕ್ಕದಲ್ಲಿ ಅತಿಥಿಗಳ ಹೆಸರು ಬರೆದುಕೊಳ್ಳುವ ಮೇಜಿತ್ತು. ಅದರ ಮೇಲಿಂದ ನೀಲಿ ದಾರದ ಎರಡು ಟ್ಯಾಗು ಎತ್ತಿ ಇಬ್ಬರ ಕೊರಳಿಗೂ ಹಾಕಿದ.

"ಸೀದಾ ಕೆಳಗೆ ಹೋಗಿ ಅಕ್ಕ. ಹೊಸ ಗ್ಲೌಸು, ಹೊಸ ಏಪ್ರನ್ನು ಇಟ್ಟಿದೀವಿ. ಊಟ ಆದ್ಮೇಲೆ ಗೆಸ್ಟುಗಳು ಕೋಣೆ ನೋಡಕ್ಕೆ ಬರ್ತಾರೆ. ನೀವು ಹಾಕ್ಕೊಂಡು ಜಾಡಿ ತೊಳೀತಾ ಇರ್ಬೇಕು. ಫೋಟೋ ತೆಗೀತಾರೆ. ಸಾಯಂಕಾಲ ಗ್ಲೌಸು ಕವರ್ ಸಮೇತ ವಾಪಸ್ ಕೊಡ್ಬೇಕು, ಅಂಗಡಿಗೆ ಕೊಡೋದಿದೆ. ಹರೀಬೇಡಿ."

ಅವನು ಓಡಿದ. ಮುನಿಕೃಷ್ಣಮ್ಮ ಟ್ಯಾಗು ಎತ್ತಿ ಹಿಡಿದು ನೋಡಿದಳು. ಏಳನೇ ಕ್ಲಾಸು ಓದಿದ್ದಳು.

"ಏನ್ ಬರ್ದವ್ರೆ ಅಕ್ಕಾ?"

"ಅತಿಥಿ ಅಂತ."

"ಹಂಗಂದ್ರೆ?"

"ನೆಂಟ್ರು."

ಜಾಹಿದಾ ಕಿಸಕ್ಕನೆ ನಕ್ಕಳು. ಮುನಿಕೃಷ್ಣಮ್ಮ ನಗಲಿಲ್ಲ. ಎದುರಿಗೆ ಎರಡು ದಾರಿ ಇದ್ದವು. ಎಡಕ್ಕೆ ನೆಲಮಾಳಿಗೆಯ ಮೆಟ್ಟಿಲು. ಬಲಕ್ಕೆ ಸಭಾಂಗಣ. ಎಡಗಡೆಯಿಂದ ಫಾರ್ಮಲಿನ್ ಗಾಳಿ ಮೇಲಕ್ಕೆ ಬರುತ್ತಿತ್ತು. ಅದು ಎದೆಗೆ ತಾಗಿದ್ದೇ ಕೆಮ್ಮು ಶುರುವಾಯಿತು. ಗೋಡೆ ಹಿಡಿದು ಕೆಮ್ಮಿದಳು. ಕಣ್ಣೊರೆಸಿಕೊಂಡಳು. ಕವರ್ ಸಮೇತ ವಾಪಸ್ ಕೊಡಬೇಕು ಎಂಬ ಮಾತು ಕಿವಿಯಲ್ಲೇ ಇತ್ತು. ಬಲಕ್ಕೆ ತಿರುಗಿದಳು.

"ಅಕ್ಕಾ, ಕೆಲಸ ಕೆಳಗೆ."

"ನೆಂಟ್ರು ಯಾರಾನ ಜಾಡಿ ತೊಳೀತಾರೇನೇ? ಬಾ."

ಸಭಾಂಗಣ ತಣ್ಣಗಿತ್ತು. ಕುರ್ಚಿಗಳಿಗೂ ಬಟ್ಟೆ ಉಡಿಸಿದ್ದರು. ಬಾಗಿಲಲ್ಲಿದ್ದ ಹುಡುಗಿ ಟ್ಯಾಗು ನೋಡಿ ಕೈಮುಗಿದು, ಇಬ್ಬರಿಗೂ ಒಂದೊಂದು ಸೆಣಬಿನ ಚೀಲ ಕೊಟ್ಟಳು. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು. ಜಾಹಿದಾ ಎದ್ದು ಹಿಂದಕ್ಕೆ ಹೋಗಲು ನೋಡಿದಳು. ಮುನಿಕೃಷ್ಣಮ್ಮ ಕೈ ಹಿಡಿದು ಕೂರಿಸಿದಳು.

ವೇದಿಕೆಯ ಮೇಲೆ ಶ್ರೀಕಾಂತ್ ಸಾಹೇಬರು. ಹಿಂದಿನ ಪರದೆಯಲ್ಲಿ ಏರುತ್ತ ಇಳಿಯುತ್ತ ಸಾಗುವ ಒಂದು ಉದ್ದನೆಯ ಗೆರೆ.

"ಇಪ್ಪತ್ತೈದು ವರ್ಷ. ಒಂದೇ ಒಂದು ವಾರ ಬ್ರೇಕ್ ಇಲ್ಲ! ಲಾಂಗ್ ಟರ್ಮ್ ಡೇಟಾದ ಜೀವಾಳ ಅಂದ್ರೆ ಕಂಟಿನ್ಯುಟಿ. ಯಾವಾಗ ಮೀನುಗಾರಿಕೆ ನಿಲ್ಲಿಸ್ಬೇಕು, ಯಾವ ದಂಡೆಗೆ ವಿಷದ ಕೆಂಪು ನೀರು ಬರ್ತಾ ಇದೆ, ಮೀನು ಯಾಕೆ ಕಡಿಮೆ ಆಗ್ತಿದೆ, ಸರ್ಕಾರ ಈ ಗೆರೆ ನೋಡಿ ತೀರ್ಮಾನ ಮಾಡುತ್ತೆ. ಮಧ್ಯದಲ್ಲಿ ತುಂಡಾದ್ರೆ ಈ ಗೆರೆಗೆ ಬೆಲೆ ಇಲ್ಲ. ಇದರ ಹಿಂದೆ ಎಷ್ಟೋ ಕೈಗಳ..."

ಆಗ ಅವರ ಕಣ್ಣು ಮುಂದಿನ ಸಾಲಿಗೆ ಬಿತ್ತು. ಮಾತು ತಡವರಿಸಿತು. ನೀರು ಕುಡಿದರು. ಯಾವ ಕೈಗಳು ಎಂದು ಹೇಳದೆ ಮುಂದಿನ ಚಿತ್ರಕ್ಕೆ ಹೋದರು.

ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ನಡೆದರು. ಇವರೂ ನಡೆದರು. ಗುಂಡಣ್ಣ ಬಾಗಿಲಲ್ಲೇ ತಡೆದ.

"ಏಯ್, ನೀವು ಹಿಂದಕ್ಕೆ ಹೋಗ್ರಮ್ಮ. ಬೆಂಚಿಗೇ ಕಳಿಸ್ತೀನಿ."

ಮುನಿಕೃಷ್ಣಮ್ಮ ಟ್ಯಾಗು ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. ಅವನ ಹಿಂದೆ ದಿಲ್ಲಿಯವರು ನಿಂತಿದ್ದರು. ಹೊರದೇಶದವನೊಬ್ಬ ನಗುತ್ತಾ ಇವಳಿಗೆ ದಾರಿ ಬಿಟ್ಟ. ಗುಂಡಣ್ಣನೂ ನಗಬೇಕಾಯಿತು. ನಡುವಿನ ಟೇಬಲು. ತಲೆಯ ಮೇಲೆ ಫ್ಯಾನು. ಗುಂಡಣ್ಣ ತನ್ನ ಕೈಯಾರೆ ಒಬ್ಬಟ್ಟು ಬಡಿಸಿದ, ತುಪ್ಪ ಹಾಕಿದ. ತುಪ್ಪ ಹಾಕುವಾಗ ಉಸಿರು ಬಿಗಿಹಿಡಿದಿದ್ದ.

ಮುನಿಕೃಷ್ಣಮ್ಮ ಒಬ್ಬಟ್ಟು ಮುರಿದಳು. ಇಷ್ಟೇ ತಾನೆ ಇದು ಎನ್ನಿಸಿತು. ಒಂದು ಟೇಬಲು, ಒಂದು ಫ್ಯಾನು. ಇಷ್ಟು ಕೊಡಲು ಇವರಿಗೆ ಏನು ಕಷ್ಟವಾಗಿತ್ತು? ಮುರಿದ ತುಂಡನ್ನು ತಿರುಗಿ ಎಲೆಗೇ ಹಾಕಿದಳು.

ಎದುರಿಗೆ ಕೂತವರು ಕಾರವಾರದ ಕಡೆಯ ಮೀನುಗಾರರ ಸಂಘದ ಹಿರಿಯರು. ಅವರನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

"ನೀವು ಯಾವ ದಂಡೆಯವ್ರು ತಾಯಿ?" ಎಂದು ಕೇಳಿದರು.

"ಬಾಗಲೂರು ದಂಡೆ."

"ಅಲ್ಲಿ ಕಡಲುಂಟಾ?"

"ಕೆಳ್ಗೈತೆ. ಜಾಡಿನಾಗೆ."

ಅಷ್ಟರಲ್ಲಿ ಶ್ರೀಕಾಂತ್ ಸಾಹೇಬರು ಬಂದರು. ತುಟಿಯ ಮೇಲೆ ಅತಿಥಿಗಳಿಗೆ ತೋರಿಸುವ ನಗು. ಬಗ್ಗಿ, ಹಲ್ಲು ಕಚ್ಚಿ ಹೇಳಿದರು.

"ಏನಿದು ವೇಷ? ಎದ್ದು ಕೆಳಗೆ ಹೋಗು. ಗ್ಲೌಸ್ ಹಾಕ್ಕೊ. ಈಗ ಎಲ್ಲರನ್ನೂ ಕರ್ಕೊಂಡು ಬರ್ತೀನಿ."

"ನಾನೂ ಬತ್ತೀನಿ ಸಾ, ನೋಡಕ್ಕೆ."

"ತಮಾಷೆ ಮಾಡ್ತಿದೀಯಾ?"

"ತಮಾಸೆ ನಾನಾ ಮಾಡಿದ್ದು? ನೆನ್ನೆ ಕೆಲ್ಸದಿಂದ ತೆಗ್ದ್ರಿ. ಇವತ್ತು ನೆಂಟ್ರು ಅಂತ ಕತ್ಗೆ ಕಟ್ಟಿದ್ರಿ. ನೆಂಟ್ರ ಕೈಲಿ ಜಾಡಿ ತೊಳುಸ್ತೀರಾ?"

ಅವಳ ದನಿ ಏರಿತ್ತು. ಸುತ್ತಲಿನ ಚಮಚಗಳ ಸದ್ದು ನಿಂತಿತು. ಹಿರಿಯರು ಕೇಳಿದರು. "ಇವರು ಯಾರು ಸಾರ್?"

"ಇವರು... ನಮ್ಮ ಲೋಕಲ್ ಕಮ್ಯುನಿಟಿ" ಎಂದರು ಸಾಹೇಬರು.

ಮುನಿಕೃಷ್ಣಮ್ಮ ಎದ್ದು ನಿಂತಳು. ಎರಡೂ ಕೈಗಳನ್ನು ಟೇಬಲಿನ ಮೇಲೆ ಅಂಗೈ ಮೇಲಾಗಿ ಇಟ್ಟಳು. ಬೆರಳುಗಳ ಸೀಳಿನಲ್ಲಿ ತುಪ್ಪ ಹೊಳೆಯುತ್ತಿತ್ತು.

"ಲೋಕಲ್ಲೂ ಅಲ್ಲ, ಗೀಕಲ್ಲೂ ಅಲ್ಲ. ಜಾಡಿ ತೊಳ್ಯೋಳು. ಆ ಗೆರೆ ತುಂಡಾಗ್ಬಾರ್ದು ಅಂದ್ರಲ್ಲ ಸಾ, ವರ್ಸ ವರ್ಸ ನಮ್ಮುನ್ ಯಾಕೆ ತುಂಡ್ ಮಾಡ್ತೀರಾ? ಇನ್ನ ನಾನು ಆ ಕ್ವಾಣೆಗೆ ಇಳಿಯಲ್ಲ. ಫ್ಯಾನ್ ಆಕ್ಸಿ. ಸೇರಿದ್ ದಿನದಿಂದ ಬರ್ಕೊಡಿ. ಆಮ್ಯಾಕೆ ಕೂಗಿ."

ಹೊರಗೆ ನಡೆದಳು. ಜಾಹಿದಾ ಒಬ್ಬಟ್ಟನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿಕೊಂಡು ಹಿಂದೆಯೇ ಹೊರಟಳು.

ಸಾಹೇಬರು ಅತಿಥಿಗಳನ್ನು ಜಾಡಿ ಕೋಣೆಗೆ ಕರೆದೊಯ್ದದ್ದು ಆಮೇಲೆ ಇಡೀ ಕಚೇರಿಗೆ ಗೊತ್ತಾಯಿತು. ಹೋದಷ್ಟೇ ಬೇಗ ಎಲ್ಲರೂ ಕಣ್ಣಿಗೆ ಕರ್ಚೀಫು ಒತ್ತಿಕೊಂಡು ಮೇಲೆ ಬಂದರು. "ಇದರೊಳಗೆ ಮನುಷ್ಯರು ಕೆಲಸ ಮಾಡ್ತಾರೋ?" ಎಂದು ಕಾರವಾರದ ಹಿರಿಯರು ಕೇಳಿದರಂತೆ. "ಇಲ್ಲ ಸರ್, ಸದ್ಯಕ್ಕೆ ಯಾರೂ ಇಲ್ಲ" ಎಂದರಂತೆ ಸಾಹೇಬರು. ದಾಖಲೆಯ ಪ್ರಕಾರ ಅದು ನಿಜವೇ ಆಗಿತ್ತು.

ಏಪ್ರಿಲ್ ಬಂತು. ಆ ವರ್ಷದ ಬ್ರೇಕು ಮುಗಿಯಲಿಲ್ಲ. ಹೊಸ ಕಾರ್ಡು ಬರಲಿಲ್ಲ. ಇಬ್ಬರೂ ದಿನಾ ಬಂದು ಗೇಟಿನಾಚೆಯ ಫುಟ್‌ಪಾತಿನಲ್ಲಿ ಕೂತರು. ಬಿಸಿಲು ಸುಡುತ್ತಿತ್ತು. ಸೆಕ್ಯುರಿಟಿಯವನು ಮೊದಲು ಗದರಿದ, ಆಮೇಲೆ ಕುಡಿಯಲು ನೀರು ಕೊಟ್ಟ.

ಕ್ಯಾನುಗಳಿಗೆ ಇದೆಲ್ಲ ಗೊತ್ತಿರಲಿಲ್ಲ. ಅವು ಬರುತ್ತಲೇ ಇದ್ದವು. ಸೋಸುವವರಿಲ್ಲದೆ ಕಾರಿಡಾರಿನಲ್ಲಿ ಸಾಲಾಗಿ ಕೂತವು, ಉಬ್ಬಿದವು, ಒಡೆದವು. ಕೊಳೆತ ಕಡಲಿನ ನಾತ ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೆ ಹೋಯಿತು, ಕ್ಯಾಂಟೀನಿಗೆ ಹೋಯಿತು. ಗುಂಡಣ್ಣ ಊದುಬತ್ತಿ ಹಚ್ಚಿದ.

ಏಜೆನ್ಸಿ ರಾಜಾನುಕುಂಟೆಯಿಂದ ಇಬ್ಬರು ಹೊಸ ಹೆಂಗಸರನ್ನು ತಂದಿತು. ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನಕ್ಕೆ ಹೊರಗೆ ಬಂದರು. ಕಣ್ಣು ಕೆಂಪಗೆ ಊದಿದ್ದವು. ಒಬ್ಬಳು ಮೋರಿಯ ಬಳಿ ವಾಂತಿ ಮಾಡಿದಳು. ಇನ್ನೊಬ್ಬಳು, ಮಾಲಾ, ಬಂದು ಮುನಿಕೃಷ್ಣಮ್ಮನ ಪಕ್ಕ ಕುಕ್ಕರಿಸಿದಳು.

"ಅಕ್ಕ, ಇದ್ರಾಗೆ ನೀನು ಎಂಗಿದ್ದೆ ಇಷ್ಟು ದಿನ?"

ಮುನಿಕೃಷ್ಣಮ್ಮ ಹೊಟ್ಟೆಪಾಡು ಎನ್ನಬಹುದಿತ್ತು. ಹೆಗಲು ಸರಿಸಿ ಅವಳಿಗೂ ನೆರಳು ಮಾಡಿಕೊಟ್ಟಳು. ಮಾಲಾ ಮತ್ತೆ ಒಳಗೆ ಹೋಗಲಿಲ್ಲ.

ಹೇಮಂತ ಬಂದು ಕೈಮುಗಿದ. "ಅಕ್ಕ, ನಿಮ್ ಕಾಲಿಗ್ ಬೀಳ್ತೀನಿ. ಈ ವಾರ ಸೈನ್ ಹಾಕ್ದೆ ಮಾಡ್ಕೊಡಿ. ಡೇಟಾ ಹಾಳಾಗ್ತಾ ಇದೆ."

"ಕೊಳೀಲಿ ಬಿಡು."

"ಇಪ್ಪತ್ತೈದು ವರ್ಷದ್ದು ಅಕ್ಕ!"

"ನಮ್ದು ಎಷ್ಟ್ ವರ್ಸದ್ದು? ಅದೇಳು ಮೊದ್ಲು."

ಹೇಮಂತ ಗೇಟಿನೊಳಕ್ಕೆ ವಾಪಸ್ ಹೋದ.

ಕಡೆಗೆ ಫ್ಯಾನು ಬಂತು. ದಿಲ್ಲಿಯಿಂದಲ್ಲ, ಯಲಹಂಕದ ಅಂಗಡಿಯಿಂದ, ಅರ್ಧ ದಿನದಲ್ಲಿ. ಗ್ಲೌಸೂ ಬಂದವು, ಕವರಿಲ್ಲದೆ. ಕಲ್ಲುಬೆಂಚು ಕಿತ್ತರು. ಜಾಹಿದಾಳಿಗೆ, ಮಾಲಾಳಿಗೆ ಕಾರ್ಡು ಕೊಟ್ಟರು. ಇನ್ನು ಮುಂದೆ ಬ್ರೇಕಿಲ್ಲ ಎಂದರು. ಕಳೆದ ವರ್ಷಗಳ ಬಗ್ಗೆ ಮಾತಿಲ್ಲ ಎಂದರು. ಮುನಿಕೃಷ್ಣಮ್ಮನಿಗೆ ಕಾರ್ಡಿಲ್ಲ ಎಂದರು. ಅವಳು ಲೀಡರಂತೆ.

"ನೀನಿಲ್ದೆ ನಾನೂ ಹೋಗಲ್ಲ" ಎಂದು ಜಾಹಿದಾ ಅತ್ತಳು.

"ಓಗೇ, ಸುಮ್ಕೆ. ಕೇಳಿದ್ದು ನಾವೇ ತಾನೆ? ಆ ಫ್ಯಾನ್ ಗಾಳಿ ಎಂಗೈತೆ ಅಂತ ನೋಡ್ಕೊಂಡ್ ಬಂದು ಏಳು."

ಮುನಿಕೃಷ್ಣಮ್ಮ ಬಾಗಲೂರಿನ ಹತ್ತಿರದ ಗುಲಾಬಿ ಶೆಡ್ಡಿಗೆ ಸೇರಿದಳು. ಹೂವಿನ ಮುಳ್ಳು ಕಿತ್ತು ಕಟ್ಟು ಕಟ್ಟುವ ಕೆಲಸ. ಮುಳ್ಳು ಚುಚ್ಚುತ್ತಿತ್ತು. ಗಾಳಿಯಾದರೂ ಇತ್ತು.

ಮಳೆಗಾಲದ ಒಂದು ಸಂಜೆ ಯಲಹಂಕದ ಬಸ್‌ಸ್ಟಾಪಿನಲ್ಲಿ ಸಂಹಿತಾ ಅವರೇ ಅವಳನ್ನು ಕಂಡು ಹತ್ತಿರ ಬಂದರು. ಫೋನು ತೆಗೆದು ತೋರಿಸಿದರು. ಸಭಾಂಗಣದಲ್ಲಿ ಕಂಡಿದ್ದ ಅದೇ ಗೆರೆ. ಕೊನೆಯ ಹತ್ತಿರ ಗೆರೆ ನಿಂತು, ಬಿಳಿ ಜಾಗ ಬಿಟ್ಟು, ಮತ್ತೆ ಶುರುವಾಗಿತ್ತು.

"ಇದೇನು ಮೇಡಮ್ಮು, ಇಲ್ಲಿ ಖಾಲಿ?"

"ನೀವು ಗೇಟಲ್ಲಿ ಕೂತಿದ್ರಲ್ಲ, ಆ ವಾರಗಳು. ಆ ಕ್ಯಾನೆಲ್ಲ ಕೊಳೆತೋದ್ವು. ಹಿಂದಿನದು ಮುಂದಿನದು ಸೇರಿಸಿ ಸರಾಸರಿ ಹಾಕಿ ತುಂಬಿಬಿಡು, ಗೆರೆ ತುಂಡಾದ್ರೆ ಚೆನ್ನಾಗಿರಲ್ಲ ಅಂತಿದಾರೆ ಸರ್. ನಾನಿನ್ನೂ ತುಂಬಿಲ್ಲ."

ಮುನಿಕೃಷ್ಣಮ್ಮ ಅವರ ಮುಖ ನೋಡಿದಳು. "ಒಂದ್ ಮಾತ್ ಕೇಳ್ತೀನಿ. ಒಳ್ಗೆ ಕೂತು ಉಣ್ತಿದ್ರಲ್ಲ, ಅಷ್ಟು ವರ್ಸ ನಿಮ್ ಮೈಮ್ಯಾಲೆ ನಿಮ್ಗೆ ವಾಸ್ನೆ ಬರ್ತಿರ್ಲಿಲ್ವಾ?"

ಸಂಹಿತಾ ತಲೆ ತಗ್ಗಿಸಿದರು. "ಬರ್ತಿತ್ತು" ಎಂದರು.

"ಅಂಗಾರೆ ತುಂಬಬ್ಯಾಡಿ. ಅಷ್ಟು ಉದ್ದದ ಗೆರೇಲಿ ನಾವು ಇದ್ವಿ ಅಂತ ಕಾಣೋದು ಆ ಖಾಲಿ ಒಂದ್ರಾಗೇಯ."

"ಸರ್ ಕೇಳಿದ್ರೆ ಏನ್ ಹೇಳ್ಲಿ?"

"ಕೆಲ್ಸ ಮಾಡೋರು ಇರ್ಲಿಲ್ಲ ಅನ್ನಿ. ನಿಜ ಏಳಕ್ಕೂ ದಿಲ್ಲಿಗೆ ಬರೀಬೇಕಾ?"

ಬಸ್ಸು ಬಂತು. ಅವಳು ಹತ್ತಿಕೊಂಡಳು.

ವರ್ಷದ ಕೊನೆಗೆ ವರದಿ ಅಚ್ಚಾಯಿತು. ಸರ್ಕಾರದ ನಿಯಮವೆಂದು ಕನ್ನಡದಲ್ಲೂ ಅಚ್ಚಾಯಿತು. ಭಾನುವಾರ ಜಾಹಿದಾ ಅದರ ಒಂದು ಪ್ರತಿ ಹಿಡಿದುಕೊಂಡು ಬಾಗಲೂರಿಗೆ ಬಂದಳು. ಸಂಹಿತಾ ಮೇಡಂ ಕೊಟ್ಟು ಕಳಿಸಿದ್ದು ಎಂದಳು. ಮುನಿಕೃಷ್ಣಮ್ಮ ಬಾಗಿಲ ಕಲ್ಲಿನ ಮೇಲೆ ಕೂತು ಹಾಳೆ ತಿರುಗಿಸಿದಳು. ಗೆರೆ ಸಿಕ್ಕಿತು. ಆ ಖಾಲಿ ಜಾಗ ಖಾಲಿಯಾಗಿಯೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಸಾಹೇಬರು ಒಂದು ಸಾಲು ಸೇರಿಸಿದ್ದರು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ತಾಂ-ತ್ರಿ-ಕ ಕಾ-ರ-ಣ-ಗ-ಳಿಂ-ದ ಮಾ-ಹಿ-ತಿ ಲಭ್ಯ-ವಿಲ್ಲ."

"ಹಂಗಂದ್ರೆ ಏನಕ್ಕಾ?"

"ನಾವೇ ಕಣೇ. ನಿಂಗೂ ನಂಗೂ ಒಸಾ ಹೆಸ್ರು ಇಟ್ಟವ್ರೆ. ನಾನು ತಾಂತ್ರಿಕ, ನೀನು ಕಾರಣ."

ಜಾಹಿದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುನಿಕೃಷ್ಣಮ್ಮನೂ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಬಾಯಿ ಒರೆಸಿಕೊಂಡು, ಬಿಟ್ಟಲ್ಲಿಂದ ಮತ್ತೆ ನಗತೊಡಗಿದಳು.